ಕರೆಂಟ್ ಹೋಗಿ ಬಂದ ಮೇಲೆ: ಮನೆಯ ಸ್ವಯಂಚಾಲನೆಗೆ ಕಿರುಗಣಕದ ಆಯ್ಕೆ

ಸಾರಾಂಶ

ಮನೆಯ ದೀಪ, ಮೋಟರು, ಗೀಸರುಗಳನ್ನು ನಿಯಂತ್ರಿಸುವ ಕಿರುಗಣಕವನ್ನು ಸಾಮಾನ್ಯವಾಗಿ ಬೆಲೆ, ಪ್ರೊಸೆಸರಿನ ವೇಗ ಮತ್ತು ವ್ಯಾಟುಗಳಿಂದ ಅಳೆಯುತ್ತಾರೆ. ಕರೆಂಟ್ ಆಗಾಗ ಹೋಗಿಬರುವ ಕಡೆ ಇವು ಮೂರಕ್ಕಿಂತಲೂ ಮುಖ್ಯವಾದದ್ದು, ವಿದ್ಯುತ್ ಮರಳಿದಾಗ ಯಂತ್ರ ಯಾರ ನೆರವೂ ಇಲ್ಲದೆ ಸರಿಯಾದ ಸ್ಥಿತಿಗೆ ಬರುತ್ತದೆಯೇ ಎಂಬುದು. ಈ ಲೇಖನ ಆ ಮಾನದಂಡವನ್ನು ಸಂಗ್ರಹ, ಗಡಿಯಾರ ಮತ್ತು ನಿಯಂತ್ರಣದ ಹಂಚಿಕೆ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸುತ್ತದೆ.

1. ಹಿನ್ನೆಲೆ

ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಕಿರುಗಣಕ ಕೇಂಬ್ರಿಡ್ಜ್‌ನಲ್ಲಿ ರೂಪುಗೊಂಡದ್ದು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು. 2012ರ ಫೆಬ್ರವರಿ 29ರಂದು ಅದು 35 ಡಾಲರಿಗೆ ಮಾರಾಟಕ್ಕೆ ಬಂತು. ಮರುವರ್ಷ ಪೌಲಸ್ ಸ್ಕೌಟ್ಸೆನ್ ಪೈಥಾನ್‌ನಲ್ಲಿ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಎಂಬ ಮನೆ ಸ್ವಯಂಚಾಲನೆಯ ಮುಕ್ತ ತಂತ್ರಾಂಶಕ್ಕೆ ಈ ಬೋರ್ಡು ಸಹಜ ನೆಲೆಯಾಯಿತು. ಉಪಕರಣಗಳ ನಡುವೆ ಸಂದೇಶ ಒಯ್ಯುವ ಎಂಕ್ಯುಟಿಟಿ ಇನ್ನೂ ಹಳೆಯದು: ತೈಲ ಕೊಳವೆಮಾರ್ಗಗಳ ನಿಗಾಕ್ಕೆಂದು 1999ರಲ್ಲಿ ರಚಿತವಾದ ನಿಯಮಾವಳಿ. ಕಲಿಕೆಗೆ ಮಾಡಿದ ಬೋರ್ಡನ್ನು ವರ್ಷವಿಡೀ ನಿಲ್ಲದೆ ದುಡಿಸುವಾಗ ಅದರ ಮಿತಿಗಳು ಹೊರಬೀಳುತ್ತವೆ.

2. ವ್ಯಾಟಿನ ಲೆಕ್ಕ

ಬಿಡುವಿಲ್ಲದೆ ಉರಿಯುವ ಒಂದು ವ್ಯಾಟ್ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ. ಹೆಚ್ಚು ಕೆಲಸವಿಲ್ಲದಾಗ ರಾಸ್ಪ್‌ಬೆರಿ ಪೈ 4 ಸುಮಾರು 3 ವ್ಯಾಟ್ ಎಳೆಯುತ್ತದೆ. 30 ದಿನಕ್ಕೆ 2.16 ಯೂನಿಟ್. ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ 10 ವ್ಯಾಟ್ ಎಳೆದರೂ 7.2 ಯೂನಿಟ್. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ ಮಾತ್ರ 43.2 ಯೂನಿಟ್. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಸಾಮಾನ್ಯವಾಗಿ ಹಿಂದಿನ ಸರಾಸರಿಗೆ ಶೇ. 10 ಸೇರಿಸಿ ಗೊತ್ತುಮಾಡುತ್ತಾರೆ. ಸರಾಸರಿ 80 ಯೂನಿಟ್ ಇದ್ದ ಮನೆಗೆ ಸಿಗುವ ಹೆಚ್ಚುವರಿ 8 ಯೂನಿಟ್. ಮೊದಲೆರಡು ಯಂತ್ರಗಳು ಅದರೊಳಗೇ ಹಿಡಿಯುತ್ತವೆ, ಡೆಸ್ಕ್‌ಟಾಪ್ ಹಿಡಿಯದು. ಅಂದರೆ ವ್ಯಾಟಿನ ಲೆಕ್ಕ ಡೆಸ್ಕ್‌ಟಾಪನ್ನು ಹೊರಗಿಡಲು ಸಾಕು. ಪೈ ಮತ್ತು ಮಿನಿ ಪಿಸಿಗಳ ನಡುವೆ ತೀರ್ಪು ಕೊಡಲು ಸಾಲದು.

3. ಸಂಗ್ರಹ

ಹೋಮ್ ಅಸಿಸ್ಟೆಂಟ್ ಪ್ರತಿ ಸೆನ್ಸರಿನ ಬದಲಾವಣೆಯನ್ನೂ ಡೇಟಾಬೇಸಿನಲ್ಲಿ ದಾಖಲಿಸುತ್ತದೆ. ನಾವು ಬದಲಿಸದಿದ್ದರೆ 5 ಸೆಕೆಂಡಿಗೊಮ್ಮೆ ಬರೆಯುತ್ತದೆ, 10 ದಿನದ ಚರಿತ್ರೆ ಇಟ್ಟುಕೊಳ್ಳುತ್ತದೆ. ದಿನಕ್ಕೆ 17,280 ಸಲ ಬರೆಯುವ ಸಂಭವವಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಸಣ್ಣ ತುಣುಕುಗಳಾಗಿ ಬರೆಯಬಹುದಾದರೂ ಅಳಿಸುವುದು ದೊಡ್ಡ ಬ್ಲಾಕುಗಳಲ್ಲೇ ಆಗಬೇಕು. ಆದ್ದರಿಂದ ಸಣ್ಣ ಬರಹವೂ ಒಳಗೆ ದೊಡ್ಡ ಸ್ಥಳಾಂತರಕ್ಕೆ ಕಾರಣವಾಗಬಹುದು. ಆ ನಡುವೆ ಕರೆಂಟ್ ಹೋದರೆ ಕೆಡುವುದು ಕೊನೆಯ ದಾಖಲೆಯೊಂದೇ ಅಲ್ಲ. ಯಾವ ಮಾಹಿತಿ ಎಲ್ಲಿದೆ ಎಂಬ ಕಾರ್ಡಿನ ಒಳಗಿನ ಪಟ್ಟಿಯೂ ಹಾಳಾಗಿ ಯಂತ್ರ ಮತ್ತೆ ಬೂಟ್ ಆಗದಿರಬಹುದು. ಈ ಕೆಲಸಕ್ಕೆ ಅಗ್ಗದ ಮೈಕ್ರೊ ಎಸ್‌ಡಿ ಕಾರ್ಡಿಗಿಂತ ಎಸ್‌ಎಸ್‌ಡಿ ಅಥವಾ ಇಎಂಎಂಸಿ ಮೇಲು. ಚರಿತ್ರೆ ಬೇಡದ ಸೆನ್ಸರುಗಳನ್ನು ದಾಖಲೆಯಿಂದ ಬಿಡುವುದು ಖರ್ಚಿಲ್ಲದ ಉಪಾಯ.

4. ಗಡಿಯಾರ ಮತ್ತು ಮರುಚಾಲನೆ

ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಕರೆಂಟ್ ಬಂದಾಗ ಅವು ಕೊನೆಗೆ ಉಳಿಸಿಕೊಂಡ ಸಮಯದಿಂದ ಎಣಿಸತೊಡಗಿ, ಇಂಟರ್ನೆಟ್ ಸಿಕ್ಕಿದ ಮೇಲೆ ಸರಿಪಡಿಸಿಕೊಳ್ಳುತ್ತವೆ. ರೂಟರು ಏಳುವುದು ತಡವಾದರೆ ಅಷ್ಟು ಹೊತ್ತೂ ಹಳೆಯ ಸಮಯವೇ. 2023ರ ಪೈ 5ರಲ್ಲಿ ಗಡಿಯಾರವಿದೆ, ಆದರೆ ಅದರ ಬ್ಯಾಟರಿಯನ್ನು ಬೇರೆ ಕೊಳ್ಳಬೇಕು. ಮಿನಿ ಪಿಸಿಗಳ ತೊಡಕು ಬೇರೆ ಬಗೆಯದು: ಸಮಯ ತಪ್ಪುವುದಿಲ್ಲ, ಆದರೆ ಕರೆಂಟ್ ಬಂದಾಗ ತಾನಾಗಿ ಆನ್ ಆಗುವಂತೆ ಬಯಾಸ್‌ನಲ್ಲಿ ಹೊಂದಿಸದಿದ್ದರೆ ಯಂತ್ರ ಸುಮ್ಮನೆ ಬಿದ್ದಿರಬಹುದು.

5. ಟ್ಯಾಂಕಿನ ಮೋಟರು: ಒಂದು ಪ್ರಕರಣ

ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟರು ಬೆಳಿಗ್ಗೆ 6ಕ್ಕೆ ಆನ್, 6.20ಕ್ಕೆ ಆಫ್ ಎಂದಿಟ್ಟುಕೊಳ್ಳೋಣ. 6.10ಕ್ಕೆ ಕರೆಂಟ್ ಹೋಗಿ 6.40ಕ್ಕೆ ಬರುತ್ತದೆ. ಆಫ್ ಆಗಬೇಕಾದ ಗಳಿಗೆ ಕತ್ತಲಲ್ಲೇ ಕಳೆದುಹೋಗಿದೆ. ವೈಫೈ ರಿಲೇಗಳಲ್ಲಿ ಬಳಕೆಯಲ್ಲಿರುವ ಟಾಸ್ಮೋಟಾ ತಂತ್ರಾಂಶ, ನಾವು ಬದಲಿಸದಿದ್ದರೆ, ಕರೆಂಟ್ ಬಂದಾಗ ರಿಲೇಯನ್ನು ಹಿಂದಿನ ಸ್ಥಿತಿಗೇ ತರುತ್ತದೆ. ಮೋಟರು ಮತ್ತೆ ಓಡುತ್ತದೆ, ನಿಲ್ಲಿಸುವವರಿಲ್ಲದೆ ಟ್ಯಾಂಕು ತುಂಬಿ ಹರಿಯುತ್ತದೆ. ಇಲ್ಲಿ ಕಿರುಗಣಕ ಎಷ್ಟು ವೇಗದ್ದಾದರೂ ಪ್ರಯೋಜನವಿಲ್ಲ. ಪರಿಹಾರ ರಿಲೇಯಲ್ಲೇ ಇದೆ: ಕರೆಂಟ್ ಬಂದಾಗ ಆಫ್ ಆಗಿರಲಿ ಎಂದು ಪವರ್‌ಆನ್‌ಸ್ಟೇಟ್ ಎಂಬ ಸೆಟ್ಟಿಂಗನ್ನು 0ಗೆ ಬದಲಿಸುವುದು, ಗರಿಷ್ಠ ಓಟಕ್ಕೆ ಅಲ್ಲೇ ಟೈಮರ್ ಹಾಕುವುದು, ಇವೆರಡೂ ತಪ್ಪಿದರೆ ಕಾಯಲು ಟ್ಯಾಂಕಿನಲ್ಲೊಂದು ಫ್ಲೋಟ್ ಸ್ವಿಚ್ ಇಡುವುದು.

ಹೀಗೆ ಅಪಾಯ ತಡೆಯುವ ತೀರ್ಮಾನಗಳು ಉಪಕರಣದ ಬಳಿಯೇ ಉಳಿದಾಗ ಕಿರುಗಣಕಕ್ಕೆ ವೇಳಾಪಟ್ಟಿ, ದಾಖಲೆ ಮತ್ತು ಸಮನ್ವಯದ ಕೆಲಸವಷ್ಟೇ ಉಳಿಯುತ್ತದೆ. ಅದಕ್ಕೆ 2 ಜಿಬಿ ರ್‍ಯಾಮಿನ ಬೋರ್ಡು ಸಾಕು.

6. ತೀರ್ಮಾನ

ಆಯ್ಕೆಯ ಕ್ರಮವನ್ನು ತಿರುಗಿಸಬೇಕಾಗಿದೆ. ಯಂತ್ರ ತಾನಾಗಿ ಏಳುತ್ತದೆಯೇ, ಸರಿಯಾದ ಸಮಯ ಹೇಳುತ್ತದೆಯೇ, ಹಠಾತ್ ನಿಲುಗಡೆಯಲ್ಲಿ ಸಂಗ್ರಹ ಉಳಿಯುತ್ತದೆಯೇ ಎಂದು ಮೊದಲು ನೋಡಿ, ವೇಗವನ್ನು ಕಡೆಗೆ ಗಮನಿಸಬೇಕು. ಇದಕ್ಕೊಂದು ಅಪವಾದವುಂಟು: ಕ್ಯಾಮೆರಾ ಚಿತ್ರದಲ್ಲಿ ಮನುಷ್ಯರನ್ನು, ವಾಹನಗಳನ್ನು ಮನೆಯೊಳಗೇ ಗುರುತಿಸಬೇಕಾದರೆ ಸಣ್ಣ ಬೋರ್ಡು ಒಂದೇ ಸಾಲದು, ಎನ್100 ವರ್ಗದ ಯಂತ್ರಕ್ಕೆ ಅರ್ಥವಿದೆ. ಉಳಿದ ಮನೆಗಳು ಆ ಹೆಚ್ಚುವರಿ ಹಣವನ್ನು ಎಸ್‌ಎಸ್‌ಡಿಗೂ, ರೂಟರು ಮತ್ತು ಗಣಕ ಎರಡಕ್ಕೂ ಬ್ಯಾಟರಿ ಬೆಂಬಲಕ್ಕೂ ಹಾಕುವುದು ಲೇಸು.