ಮೆನುವಿನಿಂದ ತೆರೆದ ಪ್ರೋಗ್ರಾಮ್‌ಗೆ ವೇರಿಯಬಲ್ ತಲುಪುವ ಬಗೆ: ಲಿನಕ್ಸ್ ಡೆಸ್ಕ್‌ಟಾಪ್ ಕುರಿತ ಒಂದು ವಿವೇಚನೆ

ಕೆಡಿಇ ಪ್ಲಾಸ್ಮಾದ ಎಕ್ಸ್11 ಸೆಷನ್‌ನಲ್ಲಿ ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯ ಮೂಲಕ ಕನ್ನಡ ಟೈಪಿಸಲು ಕ್ಯೂಟಿ_ಐಎಂ_ಮಾಡ್ಯೂಲ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನ ಬೆಲೆ 'ಐಬಸ್' ಎಂದಿರಬೇಕು. ಇದನ್ನು ಬಳಕೆದಾರರು ಬ್ಯಾಶ್‌ಆರ್‌ಸಿ ಕಡತದಲ್ಲಷ್ಟೇ ಬರೆದಿಟ್ಟರೆ, ಟರ್ಮಿನಲ್‌ನಿಂದ ತೆರೆದ ಕೇಟ್ ಎಡಿಟರ್‌ನಲ್ಲಿ ಕನ್ನಡ ಮೂಡುತ್ತದೆ. ಮೆನುವಿನಿಂದ ತೆರೆದ ಅದೇ ಕೇಟ್‌ನಲ್ಲಿ ಮೂಡುವುದಿಲ್ಲ. ಕೀಲಿಮಣೆ ವಿನ್ಯಾಸವೇ ಕೆಟ್ಟಿದೆಯೆಂದು ಹಲವರು ಕೈಬಿಡುವುದು ಇಲ್ಲಿಯೇ. ಕಾರಣ ಇರುವುದು ಪ್ರೋಗ್ರಾಮ್‌ನ ಹುಟ್ಟಿನಲ್ಲಿ ಎಂಬುದು ಈ ಲೇಖನದ ವಾದ.

1979ರ ಯುನಿಕ್ಸ್ ಏಳನೇ ಆವೃತ್ತಿಯಿಂದ ನಡೆದುಬಂದ ಪದ್ಧತಿಯಂತೆ, ಪ್ರತಿ ಪ್ರೊಸೆಸ್ ಹುಟ್ಟುವಾಗ ತನ್ನನ್ನು ಹುಟ್ಟಿಸಿದ ಪ್ರೊಸೆಸ್‌ನಿಂದ ವೇರಿಯಬಲ್‌ಗಳ ಒಂದು ನಕಲನ್ನು ಪಡೆಯುತ್ತದೆ. ಆಮೇಲೆ ಒಂದರಲ್ಲಿ ಆದ ಬದಲಾವಣೆ ಇನ್ನೊಂದಕ್ಕೆ ತಿಳಿಯದು. ಬ್ಯಾಶ್‌ಆರ್‌ಸಿಯನ್ನು ಓದುವುದು ನಾವು ಆಜ್ಞೆ ಟೈಪಿಸುವ ಶೆಲ್; ಮೆನು ಆ ಶೆಲ್‌ನ ಸಂತತಿಯಲ್ಲ.

ಹಾಗಾದರೆ ಎಲ್ಲಿ ಬರೆಯಬೇಕು? ಡೆಬಿಯನ್, ಉಬುಂಟುಗಳಲ್ಲಿ ಲಾಗಿನ್ ಹೊತ್ತಿಗೆ ಪ್ಯಾಮ್ ಎಂಬ ದೃಢೀಕರಣ ವ್ಯವಸ್ಥೆ ಓದುವ 'ಈಟಿಸಿ/ಎನ್ವಿರಾನ್ಮೆಂಟ್' ಕಡತವುಂಟು. ಆದರೆ ಅದು ಎಲ್ಲ ಬಳಕೆದಾರರಿಗೂ ಅನ್ವಯಿಸುತ್ತದೆ, ತಿದ್ದಲು ನಿರ್ವಾಹಕರ ಅಧಿಕಾರ ಬೇಕು. ಅದು ಶೆಲ್ ಸ್ಕ್ರಿಪ್ಟ್ ಅಲ್ಲವಾದ್ದರಿಂದ ಅಲ್ಲಿ ಆಜ್ಞೆಗಳು ನಡೆಯವು.

ಹೆಚ್ಚು ಗಮನಿಸಬೇಕಾದದ್ದು ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ತಂದ ಪಲ್ಲಟ. ಗ್ನೋಮ್ 3.34 (2019) ತನ್ನ ಸೆಷನ್ನನ್ನು ಸಿಸ್ಟಮ್‌ಡಿಯ ಬಳಕೆದಾರ-ಮ್ಯಾನೇಜರ್‌ಗೆ ಒಪ್ಪಿಸತೊಡಗಿತು, ಪ್ಲಾಸ್ಮಾ 5.25ರಲ್ಲಿ (2022) ಅದೇ ರೂಢಿಯ ದಾರಿಯಾಯಿತು. ಡೆಸ್ಕ್‌ಟಾಪ್‌ನ ಅನೇಕ ಪ್ರೊಸೆಸ್‌ಗಳಿಗೆ ಈಗ ಆ ಮ್ಯಾನೇಜರೇ ಮೂಲ. ಸಿಸ್ಟಮ್‌ಡಿಯ 2017ರ 233ನೇ ಆವೃತ್ತಿಯಲ್ಲಿ ಬಂದ 'ಎನ್ವಿರಾನ್ಮೆಂಟ್.ಡಿ' ಈ ಮೂಲಕ್ಕೇ ಬೆಲೆ ತುಂಬುತ್ತದೆ. ಮನೆ-ಕಡತಕೋಶದ '.ಕಾನ್ಫಿಗ್' ಒಳಗೆ ಆ ಹೆಸರಿನ ಕೋಶದಲ್ಲಿ '.ಕಾನ್ಫ್' ಎಂದು ಕೊನೆಗೊಳ್ಳುವ ಕಡತವೊಂದನ್ನಿಟ್ಟು, ಸಾಲಿಗೊಂದು ವೇರಿಯಬಲ್ ಬರೆದರೆ ಸಾಕು. ಸಿಸ್ಟಮ್‌ಡಿ ಇರುವ ಡೆಸ್ಕ್‌ಟಾಪ್‌ಗೆ ನನ್ನ ಆಯ್ಕೆ ಇದೇ. ಬೆಲೆಯನ್ನು ಲೆಕ್ಕ ಹಾಕಿ ನಿರ್ಧರಿಸಬೇಕಾದಲ್ಲಿ ಮಾತ್ರ ಪ್ಲಾಸ್ಮಾದವರು 'ಪ್ಲಾಸ್ಮಾ-ವರ್ಕ್‌ಸ್ಪೇಸ್/ಎನ್ವ್' ಕೋಶದಲ್ಲಿ ಸ್ಕ್ರಿಪ್ಟ್ ಇಡುವುದು ಮೇಲು.

'ಎನ್ವಿರಾನ್ಮೆಂಟ್.ಡಿ'ಗೂ ಮಿತಿಯಿದೆ. ಸ್ವೇ ಎಂಬ ವೇಲ್ಯಾಂಡ್ ಕಂಪೋಸಿಟರನ್ನು ನೇರವಾಗಿ ಕನ್ಸೋಲ್‌ನಿಂದ ಹೊರಡಿಸಿದರೆ ಅದು ಲಾಗಿನ್ ಶೆಲ್‌ನ ಕೂಸು, 'ಎನ್ವಿರಾನ್ಮೆಂಟ್.ಡಿ' ಅದನ್ನು ಮುಟ್ಟುವುದಿಲ್ಲ, ಅಲ್ಲಿ ಪ್ರೊಫೈಲ್ ಕಡತವೇ ಗತಿ.

ಊಹೆಗೆ ಬದಲು ಪರೀಕ್ಷೆ ಸಾಧ್ಯ: 'ಪ್ರಾಕ್' ಕೋಶದಲ್ಲಿ ಪ್ರೊಸೆಸ್ ಸಂಖ್ಯೆಯಡಿ ಇರುವ 'ಎನ್ವಿರಾನ್' ಕಡತ, ಆ ಪ್ರೋಗ್ರಾಮ್ ಶುರುವಾದಾಗ ಪಡೆದ ಪಟ್ಟಿಯನ್ನು ತೋರಿಸುತ್ತದೆ. ಕನ್ನಡ ಟೈಪಿಂಗ್ ಕೈಪಿಡಿ ಬರೆಯುವವರು ಈ ಒಂದು ಪರೀಕ್ಷೆಯನ್ನಾದರೂ ಸೇರಿಸಬೇಕು, ಬ್ಯಾಶ್‌ಆರ್‌ಸಿಗೆ ಬರೆಯಿರೆಂಬ ಸಲಹೆಯನ್ನು ತೆಗೆದುಹಾಕಬೇಕು.