ತೊಟ್ಟಿಲಿನಿಂದ ಮುಪ್ಪಿನವರೆಗೆ: ಶುಶ್ರೂಷೆಯಲ್ಲಿ ಉದರ ತಪಾಸಣೆ ಬೆಳೆದ ಬಗೆ

ಸ್ಕ್ಯಾನಿಂಗ್ ಯಂತ್ರಗಳು ಸಣ್ಣ ಊರುಗಳಿಗೂ ಬಂದಿರುವ ಈ ಕಾಲದಲ್ಲಿ, ಶುಶ್ರೂಷಕಿ ರೋಗಿಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಗಳಿಸಲು ಕಲಿಯುವ ಹಳೆಯ ವಿಧಿಯೆಂಬ ಭಾವನೆ ವಾರ್ಡುಗಳಲ್ಲಿ ಮಾತ್ರವಲ್ಲ, ನರ್ಸಿಂಗ್ ಕಾಲೇಜುಗಳಲ್ಲೂ ಬೇರೂರುತ್ತಿದೆ. ಈ ತಪಾಸಣೆ ವೈದ್ಯರು ಮಾಡುವುದರ ಮೊಟಕು ರೂಪವೆಂಬ ಗ್ರಹಿಕೆಯೂ ಇದರ ಬೆನ್ನಿಗಿದೆ. ಎರಡೂ ತಪ್ಪು. ವೈದ್ಯಕೀಯ ತಪಾಸಣೆ ಮುಖ್ಯವಾಗಿ ರೋಗ ಯಾವುದೆಂದು ಹುಡುಕುತ್ತದೆ. ಶುಶ್ರೂಷಾ ತಪಾಸಣೆಯಾದರೋ ಬೆಳಗ್ಗೆ ಇದ್ದ ಹೊಟ್ಟೆ ಸಂಜೆಯ ಹೊತ್ತಿಗೆ ಹೇಗೆ ಬದಲಾಯಿತು, ಆ ಬದಲಾವಣೆ ಈ ವಯಸ್ಸಿಗೆ ಸಹಜವೇ ಎಂಬುದನ್ನು ಹುಡುಕುತ್ತದೆ. ಈ ಎರಡನೆಯ ಪ್ರಶ್ನೆ ರೂಪುಗೊಂಡ ಚರಿತ್ರೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಸಾಧನಗಳೆಲ್ಲ ವೈದ್ಯಕೀಯದಿಂದಲೇ ಬಂದವು ಎಂಬುದರಲ್ಲಿ ವಿವಾದವಿಲ್ಲ. ವಿಯೆನ್ನಾದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್ 1761ರಲ್ಲಿ ಬೆರಳಿನಿಂದ ಬಡಿದು ನಾದ ಕೇಳುವ ಕ್ರಮವನ್ನು ಪ್ರಕಟಿಸಿದ. ಫ್ರಾನ್ಸಿನ ಲೆನೆಕ್ 1816ರಲ್ಲಿ ಸ್ಟೆತಾಸ್ಕೋಪನ್ನು ರೂಪಿಸಿದ. ಇವೆರಡೂ ಮೊದಲು ಎದೆಗಾಗಿ ಹುಟ್ಟಿ ಆಮೇಲೆ ಹೊಟ್ಟೆಗೆ ಇಳಿದವು. ಕರುಳಿನ ದನಿಗಳ ಲಯವನ್ನು ವಾಲ್ಟರ್ ಕ್ಯಾನನ್ 1905ರಲ್ಲಿ ವಿವರಿಸಿದ, 1921ರಲ್ಲಿ ಬಂದ ಜಕಾರಿ ಕೋಪ್‌ನ ಪುಸ್ತಕ ತೀವ್ರ ಹೊಟ್ಟೆನೋವಿನ ರೋಗನಿರ್ಣಯಕ್ಕೆ ತಳಹದಿಯಾಯಿತು. ಆದರೆ ರೋಗಿಯ ಬಳಿ ಇರುಳು ಹಗಲು ಇರುವವರು ಏನನ್ನು ಗಮನಿಸಬೇಕೆಂಬ ಪ್ರಶ್ನೆ ಇವರದಾಗಿರಲಿಲ್ಲ. ಅದನ್ನು ಎತ್ತಿದವಳು ಫ್ಲಾರೆನ್ಸ್ ನೈಟಿಂಗೇಲ್. 1859ರ ತನ್ನ ಕೈಪಿಡಿಯಲ್ಲಿ ರೋಗಿಯ ಅವಲೋಕನಕ್ಕೆಂದೇ ಅವಳು ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಆಮೇಲಿನ ಸುಮಾರು ನೂರು ವರ್ಷ ಶುಶ್ರೂಷಕಿಯರು ನೋಡಿದರು, ಅಳೆದರು, ವರದಿ ಮಾಡಿದರು. ಸೂಲಗಿತ್ತಿ ವಿದ್ಯೆಯನ್ನು ಕಲಿತವರ ಹೊರತು ಉಳಿದವರಿಗೆ ಹೊಟ್ಟೆಯನ್ನು ಅದುಮಿ ಪರೀಕ್ಷಿಸುವ ಅಧಿಕಾರ ಸಿಗಲಿಲ್ಲ.

ನಿಜವಾದ ತಿರುವು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಲಿಡಿಯಾ ಹಾಲ್, ಐಡಾ ಜೀನ್ ಒರ್ಲಾಂಡೊ ಮೊದಲಾದವರು 1950 ಮತ್ತು 60ರ ದಶಕಗಳಲ್ಲಿ ಶುಶ್ರೂಷೆಯನ್ನು ಒಂದು ಪ್ರಕ್ರಿಯೆಯೆಂದು ವಿವರಿಸಿದರು. ಅಂದರೆ ಮಾಹಿತಿ ಕಲೆಹಾಕಿ, ಅದರ ಮೇಲೆ ತೀರ್ಮಾನಿಸಿ, ಆರೈಕೆ ನೀಡಿ, ಫಲವನ್ನು ಮತ್ತೆ ಪರಿಶೀಲಿಸುವ ಕ್ರಮವೆಂದು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಮಕ್ಕಳ ಆರೈಕೆಗಾಗಿ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದಾಗ, ಸ್ಟೆತಾಸ್ಕೋಪ್ ಮತ್ತು ಸ್ಪರ್ಶಪರೀಕ್ಷೆ ಶುಶ್ರೂಷಕಿಯ ಸ್ವಂತ ಸಾಧನಗಳಾದವು. ಇದು ಮಗುವಿನಿಂದ ಶುರುವಾದದ್ದು ಆಕಸ್ಮಿಕವಲ್ಲ, ಏಕೆಂದರೆ ಮಾತು ಬಾರದ ರೋಗಿಯ ಮುಂದೆ ಕಣ್ಣು ಕೈಗಳೇ ಎಲ್ಲ.

ಭಾರತದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ತೊಡಗಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕರ್ನಾಟಕದ ನರ್ಸಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು. ಭಾರತೀಯ ಶುಶ್ರೂಷಾ ಪರಿಷತ್ತು 2021ರ ಪರಿಷ್ಕರಣೆಯಲ್ಲಿ ಆರೋಗ್ಯ ತಪಾಸಣೆಯನ್ನು ಪದವಿಯ ಕಡ್ಡಾಯ ಘಟಕವನ್ನಾಗಿಸಿತು. ತಡವಾಗಿಯಾದರೂ ಇದು ಸರಿಯಾದ ಹೆಜ್ಜೆ.

ಪಾಠದಲ್ಲಿ ಎಲ್ಲರೂ ಕಲಿಯುವುದು ನಾಲ್ಕು ಹಂತಗಳ ಕ್ರಮ: ನೋಡುವುದು, ಆಲಿಸುವುದು, ಬೆರಳು ಬಡಿಯುವುದು, ಅದುಮಿ ನೋಡುವುದು. ದೇಹದ ಉಳಿದ ಭಾಗಗಳಲ್ಲಿ ಕೊನೆಗೆ ಬರುವ ಆಲಿಸುವಿಕೆ ಇಲ್ಲಿ ಮುಂದಕ್ಕೆ ಬರುವುದು, ಅದುಮಿದರೆ ಕರುಳಿನ ದನಿ ಬದಲಾದೀತೆಂಬ ಕಾರಣಕ್ಕೆ. ನಿಮಿಷಕ್ಕೆ 5ರಿಂದ 34 ದನಿಗಳು ಸಹಜವೆಂದು ಪುಸ್ತಕಗಳು ಹೇಳುತ್ತವೆ. ಆದರೆ ದನಿಯನ್ನಷ್ಟೇ ಕೇಳಿ ಸಹಜ ಕರುಳನ್ನೂ ತಡೆಯುಂಟಾದ ಕರುಳನ್ನೂ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟವೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ವಾಯು ಸರಿದದ್ದು, ಮಲವಿಸರ್ಜನೆಯಾದದ್ದು, ಊಟ ಒಗ್ಗಿದ್ದು ಕರುಳು ಚೇತರಿಸಿಕೊಂಡದ್ದಕ್ಕೆ ದನಿಗಿಂತ ಉತ್ತಮ ಸಾಕ್ಷಿ. ಇದನ್ನೆಲ್ಲ ಮೊದಲು ಅರಿಯುವವಳು ಶುಶ್ರೂಷಕಿಯೇ.

ಈ ಕ್ಷೇತ್ರದ ಬಲವಾದ ಕೆಲಸ ನಡೆದಿರುವುದು ವಯಸ್ಸಿಗೆ ತಕ್ಕಂತೆ ಹೊಟ್ಟೆಯನ್ನು ಓದುವ ಪಂಥದಲ್ಲಿ. ನವಜಾತ ಶಿಶುವಿನ ಹೊಟ್ಟೆ ದುಂಡಗಿದ್ದು ಉಸಿರಿನೊಂದಿಗೆ ಏರಿಳಿಯುತ್ತದೆ; ಯಕೃತ್ತಿನ ಅಂಚು ಬಲ ಪಕ್ಕೆಲುಬಿನ ಕೆಳಗೆ ಒಂದೆರಡು ಸೆಂಟಿಮೀಟರ್ ಕೈಗೆ ಸಿಕ್ಕಿದರೆ ಅದು ರೋಗವಲ್ಲ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಇವೆಯೇ, 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಯಿತೇ, ವಾಂತಿ ಹಸಿರಾಗಿದೆಯೇ ಎಂಬ ಮೂರು ಸಂಗತಿಗಳನ್ನು ಗಮನಿಸಿದ ಶುಶ್ರೂಷಕಿ ಎಷ್ಟೋ ಮಕ್ಕಳ ಜೀವ ಉಳಿಸಿದ್ದಾಳೆ. ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಬೇಕಾಗುತ್ತದೆ: ಹೊಟ್ಟೆಯುಬ್ಬರಕ್ಕೆ ಬರೆ ಹಾಕಿದ ಗುರುತು. ಅದನ್ನು ಕಂಡಾಗ ತಾಯಿಯನ್ನು ಗದರದೆ, ಮಗು ಎಷ್ಟು ದಿನದಿಂದ ಅಳುತ್ತಿತ್ತೆಂದು ಕೇಳಿದರೆ ರೋಗದ ಚರಿತ್ರೆಯೇ ಸಿಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಮುಟ್ಟಿದರೆ ಕಚಗುಳಿಯಾಗಿ ಹೊಟ್ಟೆ ಬಿಗಿಯಾಗುತ್ತದೆ. ಮಗುವಿನ ಅಂಗೈಯನ್ನೇ ಹೊಟ್ಟೆಯ ಮೇಲಿರಿಸಿ ಅದರ ಮೇಲೆ ಕೈಯಿಟ್ಟು ಅದುಮುವ ಉಪಾಯ ಮಕ್ಕಳ ಶುಶ್ರೂಷೆ ನೀಡಿದ ಸರಳ, ಸುಂದರ ಕೊಡುಗೆ. ಮೂತ್ರಪಿಂಡದ ಗೆಡ್ಡೆಯ ಸಂಶಯವಿದ್ದಾಗ ಹೊಟ್ಟೆಯನ್ನು ಮತ್ತೆ ಮತ್ತೆ ಅದುಮಬಾರದೆಂದು ಮಂಚದ ಮೇಲೆ ಫಲಕ ತೂಗುಹಾಕುವ ಪದ್ಧತಿಯೂ ಇದೇ ಪರಂಪರೆಯದು.

ಗರ್ಭಿಣಿಯರ ವಿಷಯದಲ್ಲಿ ಪರಂಪರೆ ಇನ್ನೂ ಹಳೆಯದು. ಜರ್ಮನಿಯ ಕ್ರಿಶ್ಚಿಯನ್ ಲಿಯೊಪೋಲ್ಡ್ ಹೆಸರಿನ ನಾಲ್ಕು ಹಿಡಿತಗಳಿಂದ ಮಗುವಿನ ತಲೆ, ಬೆನ್ನು, ಪೃಷ್ಠಗಳನ್ನು ಗುರುತಿಸುವುದನ್ನು ಎಎನ್‌ಎಂ ಸಹೋದರಿಯರು ಉಪಕೇಂದ್ರಗಳಲ್ಲಿ ಇಂದಿಗೂ ಮಾಡುತ್ತಾರೆ. ಹೆರಿಗೆಯ ನಂತರ ಗರ್ಭಕೋಶದ ಮೇಲ್ತುದಿ ಹೊಕ್ಕುಳ ಮಟ್ಟದಿಂದ ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಇಳಿಯುತ್ತ, ಎರಡು ವಾರದೊಳಗೆ ಕೈಗೆ ಸಿಗದಂತಾಗುತ್ತದೆ. ಅದು ಗಟ್ಟಿಯಾಗಿರದೆ ಮೆತ್ತಗಿದ್ದರೆ ರಕ್ತಸ್ರಾವದ ಭಯ, ಒಂದು ಪಕ್ಕಕ್ಕೆ ಸರಿದಿದ್ದರೆ ಮೂತ್ರಕೋಶ ತುಂಬಿದೆಯೆಂದು ಅರ್ಥ. ಬಾಣಂತಿಯ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುವ ಮನೆಗಳಲ್ಲಿ ಆ ಕಟ್ಟನ್ನು ಬಿಚ್ಚಿಸಿ, ಮೂತ್ರ ಮಾಡಿ ಬರಲು ಹೇಳಿದ ಮೇಲೆಯೇ ಈ ಪರೀಕ್ಷೆಗೆ ಅರ್ಥವಿದೆ.

ಮುಪ್ಪಿನ ಹೊಟ್ಟೆಯ ಅಧ್ಯಯನ ಮಾತ್ರ ತೀರ ಬಡವಾಗಿದೆ. ವಯಸ್ಸಾದವರಲ್ಲಿ ಹೊಟ್ಟೆಯ ಸ್ನಾಯುಗಳು ತೆಳುವಾಗಿ, ಕರುಳು ಒಡೆದಿದ್ದರೂ ನಿರೀಕ್ಷಿತ ಬಿಗಿತ ಕಾಣಿಸದಿರಬಹುದು. ಜ್ವರವಿಲ್ಲದೆ, ನೋವಿನ ಕೂಗೂ ಇಲ್ಲದೆ, ಊಟ ಬೇಡವೆನ್ನುವುದು, ಮಂಕಾಗುವುದು, ಮಾತು ತಪ್ಪುವುದು ಮೊದಲ ಲಕ್ಷಣಗಳಾಗಬಹುದು. ದಪ್ಪ ಪುಸ್ತಕಗಳಲ್ಲೂ ವೃದ್ಧರಿಗೆ ಸಿಗುವುದು ಅಧ್ಯಾಯದ ಕೊನೆಯ ಒಂದೆರಡು ಪುಟ. ವಾರ್ಡುಗಳಲ್ಲಿ ತುಂಬುತ್ತಿರುವವರು ಮಾತ್ರ ಅವರೇ.

ದಾಖಲೆಯ ಕೊರತೆ ಇದಕ್ಕಿಂತ ಆಳವಾದುದು. ರೋಗಿಯ ಹಾಳೆಯಲ್ಲಿ ಪಾಳಿಯಿಂದ ಪಾಳಿಗೆ ‘ಪಿ/ಎ ಸಾಫ್ಟ್’ ಎಂಬ ಎರಡೇ ಪದಗಳು ನಕಲಾಗುತ್ತ ಹೋಗುತ್ತವೆ. ಹೊಟ್ಟೆ ಮೃದುವಾಗಿದೆಯೆಂಬ ಆ ಬರಹದಿಂದ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಯಕೃತ್ತಿನ ರೋಗದಿಂದ ಹೊಟ್ಟೆಯಲ್ಲಿ ನೀರು ತುಂಬಿದವನ ಸುತ್ತಳತೆಯನ್ನು ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟ ಕ್ಷಣದಲ್ಲಿ, ದಿನವೂ ಒಂದೇ ಹೊತ್ತಿಗೆ ಅಳೆಯಬೇಕು. ಟೇಪಿನ ಎರಡು ಅಂಚುಗಳನ್ನೂ ಪೆನ್ನಿನಿಂದ ಚರ್ಮದ ಮೇಲೆ ಗುರುತಿಸದಿದ್ದರೆ, ಎರಡು ಕೈಗಳ ನಡುವಿನ ಅಳತೆಯ ವ್ಯತ್ಯಾಸವೇ ರೋಗದ ಏರಿಳಿತವೆಂದು ದಾಖಲಾಗುತ್ತದೆ. ರೋಗಿ ಕನ್ನಡದಲ್ಲಿ ಉರಿ, ನುಲಿತ, ಹಿಂಡಿದಂತೆ, ಚುಚ್ಚಿದಂತೆ ಎಂದು ಬಿಡಿಸಿ ಹೇಳಿದ್ದೆಲ್ಲ ಇಂಗ್ಲಿಷ್ ಹಾಳೆಯಲ್ಲಿ ‘ಪೇನ್’ ಎಂಬ ಒಂದೇ ಪದವಾಗಿ ಕುಗ್ಗುತ್ತದೆ. ಸುತ್ತಳತೆಯ ಅಂಕಣ, ರೋಗಿಯದೇ ಮಾತಿಗೊಂದು ಅಂಕಣ, ಶಿಶು, ಬಾಣಂತಿ ಮತ್ತು ವೃದ್ಧರಿಗೆ ಪ್ರತ್ಯೇಕ ಹಾಳೆ, ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಒಟ್ಟಿಗೆ ನಿಂತು ಅದೇ ಹೊಟ್ಟೆಯನ್ನು ಮುಟ್ಟಿ ನೋಡುವ ಐದು ನಿಮಿಷ, ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ. ಒಬ್ಬ ಶುಶ್ರೂಷಕಿಗೆ ವಹಿಸುವ ರೋಗಿಗಳ ಸಂಖ್ಯೆ ಇಳಿದರೆ ಮಾತ್ರ ಆ ಐದು ನಿಮಿಷಗಳು ಸಿಕ್ಕಾವು.