ನೆಲಗಡಲೆ ಬೆಳೆಯಲ್ಲಿ ಪೋಷಕಾಂಶಗಳ ಕೊರತೆ ಹಾಗೂ ಮಣ್ಣಿನ ರಸಸಾರ ದೋಷಗಳನ್ನು ಗುರುತಿಸುವ ವಿಧಾನ

(ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ರೈತ ಬಾಂಧವರ ಮಾಹಿತಿಗಾಗಿ)

1. ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ತಾಲ್ಲೂಕುಗಳು ಕಡಿಮೆ ಮಳೆ ಬೀಳುವ ಪ್ರದೇಶಗಳಾಗಿದ್ದು, ಇಲ್ಲಿನ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೆಲಗಡಲೆಯು (ಕಡಲೆಕಾಯಿ) ಪ್ರಮುಖ ಬೆಳೆಯಾಗಿರುತ್ತದೆ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ರೈತರಿಗೂ ಈ ಮಾಹಿತಿಯು ಅನ್ವಯಿಸುತ್ತದೆ.

ಬೆಳೆಯ ಎಲೆಗಳು ಹಳದಿಯಾದ ಕೂಡಲೇ ಯೂರಿಯಾ ಹಾಕುವ ರೂಢಿ ಹಲವೆಡೆ ಇರುತ್ತದೆ. ಆದರೆ ಹಳದಿ ಬಣ್ಣವೆಲ್ಲವೂ ಸಾರಜನಕದ ಕೊರತೆಯಲ್ಲ. ಅನೇಕ ವೇಳೆ ಪೋಷಕಾಂಶವು ಮಣ್ಣಿನಲ್ಲಿದ್ದರೂ ರಸಸಾರದ ದೋಷದಿಂದ ಬೇರಿಗೆ ದೊರೆಯುವುದಿಲ್ಲ. ಇಂತಹ ಸಂದರ್ಭದಲ್ಲಿ ಗೊಬ್ಬರಕ್ಕೆ ಮಾಡಿದ ವೆಚ್ಚ ವ್ಯರ್ಥವಾಗುವುದಲ್ಲದೆ, ಕಾಯಿ ಕಟ್ಟುವ ಕಾಲವೂ ಕೈತಪ್ಪುತ್ತದೆ. ಆದುದರಿಂದ ಮೊದಲು ಕಾರಣವನ್ನು ಗುರುತಿಸಿ, ನಂತರ ಪರಿಹಾರ ಕೈಗೊಳ್ಳತಕ್ಕದ್ದು.

2. ರಸಸಾರ (ಪಿ.ಹೆಚ್.) ಎಂದರೇನು?

ಮಣ್ಣಿನ ಆಮ್ಲತೆ ಅಥವಾ ಕ್ಷಾರತೆಯನ್ನು 0 ರಿಂದ 14ರವರೆಗಿನ ಅಳತೆಯಲ್ಲಿ ಸೂಚಿಸುವುದಕ್ಕೆ ರಸಸಾರ ಎನ್ನಲಾಗುತ್ತದೆ. 7 ತಟಸ್ಥವಾಗಿದ್ದು, ಅದಕ್ಕಿಂತ ಕಡಿಮೆ ಇದ್ದಲ್ಲಿ ಆಮ್ಲ, ಹೆಚ್ಚಿದ್ದಲ್ಲಿ ಕ್ಷಾರ. ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ಗಮನಿಸುವುದು.

ರಸಸಾರವು 6.0 ರಿಂದ 7.5ರ ನಡುವೆ ಇದ್ದಲ್ಲಿ ಹೆಚ್ಚಿನ ಪೋಷಕಾಂಶಗಳು ಬೆಳೆಗೆ ಸುಲಭವಾಗಿ ದೊರೆಯುತ್ತವೆ. 7.5 ಮೀರಿದಂತೆ ಕಬ್ಬಿಣ, ಸತು ಹಾಗೂ ಮ್ಯಾಂಗನೀಸ್ ಕರಗದ ರೂಪಕ್ಕೆ ತಿರುಗುತ್ತವೆ. 5.5ಕ್ಕಿಂತ ಕಡಿಮೆಯಾದಲ್ಲಿ ರಂಜಕವು ಮಣ್ಣಿನಲ್ಲಿಯೇ ಬಂಧಿತವಾಗಿ, ಸುಣ್ಣ ಹಾಗೂ ಮೆಗ್ನೀಷಿಯಂ ಅಂಶಗಳೂ ಕಡಿಮೆಯಾಗಿರುತ್ತವೆ.

ಮಳೆಯಾಶ್ರಿತ ಕೆಂಪು ಮಣ್ಣು ತಟಸ್ಥವಾಗಿದ್ದರೂ, ಗಡಸು ಕೊಳವೆ ಬಾವಿ ನೀರನ್ನು ವರ್ಷಗಟ್ಟಲೆ ಹಾಯಿಸಿದ ಜಮೀನಿನಲ್ಲಿ ರಸಸಾರ ಏರುವ ಸಂಭವವಿರುತ್ತದೆ. ಹನಿ ನೀರಾವರಿ ಕೊಳವೆಯ ರಂಧ್ರಗಳಲ್ಲಿ ಅಥವಾ ನೀರಿನ ತೊಟ್ಟಿಯ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದು ಎಚ್ಚರಿಕೆಯ ಲಕ್ಷಣ. ಸುಣ್ಣದ ಹರಳು ಬೆರೆತ ಕೆರೆ ಗೋಡನ್ನು ಪರೀಕ್ಷೆ ಮಾಡಿಸದೆ ಹೊಡೆಸಿದಲ್ಲಿಯೂ ಇದೇ ತೊಂದರೆ ಕಂಡುಬರಬಹುದು.

3. ಲಕ್ಷಣಗಳನ್ನು ಗುರುತಿಸುವ ಕ್ರಮ

ಲಕ್ಷಣವು ಗಿಡದ ಯಾವ ಭಾಗದಲ್ಲಿ ಮೊದಲು ಕಾಣಿಸಿತು ಎಂಬುದೇ ಮುಖ್ಯ. ಕೆಲವು ಪೋಷಕಾಂಶಗಳು ಹಳೆಯ ಎಲೆಯಿಂದ ಚಿಗುರಿಗೆ ಸಾಗುತ್ತವೆ. ಅವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಹಾಗೆ ಸಾಗದವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

(ಅ) ಕೆಳಗಿನ ಹಳೆಯ ಎಲೆಗಳಲ್ಲಿ:
• ಸಾರಜನಕ - ಎಲೆಯೆಲ್ಲವೂ ಒಂದೇ ಸಮನೆ ತಿಳಿ ಹಳದಿಯಾಗುವುದು. ಗಿಡ ಕಿತ್ತು ಬೇರಿನ ಗಂಟುಗಳನ್ನು ಸೀಳಿ ನೋಡುವುದು. ಒಳಗೆ ನಸುಗೆಂಪು ಇದ್ದಲ್ಲಿ ಗಂಟುಗಳು ಕಾರ್ಯನಿರತವಾಗಿವೆ.
• ರಂಜಕ - ಗಿಡ ಕುಬ್ಜವಾಗಿ, ಎಲೆ ಕಡು ಹಸಿರು ಅಥವಾ ನೇರಳೆ ಛಾಯೆಗೆ ತಿರುಗುವುದು.
• ಪೊಟ್ಯಾಷ್ - ಎಲೆಯ ಅಂಚು ಹಳದಿಯಾಗಿ ಸುಟ್ಟಂತಾಗುವುದು.

(ಆ) ಮೇಲಿನ ಹೊಸ ಎಲೆಗಳಲ್ಲಿ:
• ಕಬ್ಬಿಣ - ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು. ತೀವ್ರವಾದಲ್ಲಿ ಎಲೆ ಕಾಗದದಂತೆ ಬೆಳ್ಳಗಾಗುವುದು.
• ಗಂಧಕ - ನರಗಳೂ ಸೇರಿದಂತೆ ಹೊಸ ಎಲೆ ಪೂರ್ತಿ ತಿಳಿ ಹಳದಿಯಾಗುವುದು.
• ಸತು - ಎಲೆಗಳು ಚಿಕ್ಕದಾಗಿ, ಗೆಣ್ಣುಗಳ ಅಂತರ ಕಡಿಮೆಯಾಗುವುದು.

(ಇ) ಕಾಯಿ ಮತ್ತು ಬೀಜದಲ್ಲಿ:
• ಸುಣ್ಣದ ಅಂಶ - ಗಿಡ ಸೊಂಪಾಗಿದ್ದರೂ ಕಾಯಿ ಜೊಳ್ಳಾಗುವುದು. ಬೆಳೆಯುವ ಕಾಯಿಯು ಈ ಅಂಶವನ್ನು ತನ್ನ ಸುತ್ತಲಿನ ಮಣ್ಣಿನಿಂದಲೇ ನೇರವಾಗಿ ಹೀರಿಕೊಳ್ಳುತ್ತದೆ.
• ಬೋರಾನ್ - ಬೀಜವನ್ನು ಎರಡು ಬೇಳೆಯಾಗಿ ಸೀಳಿದಾಗ ಒಳಭಾಗ ಗುಳಿಬಿದ್ದು ಕಂದಾಗಿರುವುದು.

4. ಕೊರತೆಯಲ್ಲದ ಇತರೆ ಕಾರಣಗಳು

ಕೊರತೆಯ ಲಕ್ಷಣವು ಸಾಮಾನ್ಯವಾಗಿ ಒಂದು ಪಟ್ಟಿಯ ಅಥವಾ ತಗ್ಗಿನ ಗಿಡಗಳೆಲ್ಲದರಲ್ಲಿ ಒಂದೇ ರೀತಿ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಬಾಡಿದಲ್ಲಿ ಗೊಣ್ಣೆ ಹುಳು, ಎಲೆ ಮಡಚಿ ಒಣಗಿದಲ್ಲಿ ಸುರುಳಿ ಪೂಚಿ, ದುಂಡು ಕಪ್ಪು ಚುಕ್ಕೆ ಇದ್ದಲ್ಲಿ ಎಲೆಚುಕ್ಕೆ (ಟಿಕ್ಕಾ) ರೋಗ ಇರುವ ಸಂಭವವಿರುತ್ತದೆ. ಚಿಗುರು ಹಾಗೂ ಕಾಂಡ ಕಪ್ಪಾಗಿ ಸಾಯುತ್ತಿದ್ದರೆ ನಂಜುರೋಗವನ್ನು ಶಂಕಿಸುವುದು. ಪಾವಗಡಕ್ಕೆ ಹೊಂದಿದ ಅಂದಿನ ಅನಂತಪುರ ಜಿಲ್ಲೆಯಲ್ಲಿ 2000ನೇ ಸಾಲಿನ ಮುಂಗಾರಿನಲ್ಲಿ ಕಾಂಡ ಸಾಯುವ ನಂಜುರೋಗದಿಂದ ಅಪಾರ ಬೆಳೆ ನಷ್ಟವಾಗಿತ್ತು. ಇವುಗಳಿಗೆ ಗೊಬ್ಬರ ಪರಿಹಾರವಲ್ಲ.

5. ಪರಿಹಾರ ಕ್ರಮಗಳು

• ಕಬ್ಬಿಣ: ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಮೊದಲು ನಾಲ್ಕೈದು ಸಾಲುಗಳಿಗೆ ಮಾತ್ರ ಸಂಜೆ ವೇಳೆ ಸಿಂಪಡಿಸುವುದು. ಸುಮಾರು ಒಂದು ವಾರದಲ್ಲಿ ಚಿಗುರು ಹಸಿರಾದಲ್ಲಿ ಕೊರತೆ ಕಬ್ಬಿಣದ್ದೆಂದು ಖಚಿತವಾಗುತ್ತದೆ. ನಂತರ ಇಡೀ ಜಮೀನಿಗೆ ಸಿಂಪಡಿಸಿ, ಅಗತ್ಯವಿದ್ದಲ್ಲಿ 10-15 ದಿನಗಳ ನಂತರ ಪುನರಾವರ್ತಿಸುವುದು. ದ್ರಾವಣವನ್ನು ಅದೇ ದಿನ ಬಳಸತಕ್ಕದ್ದು. ಕ್ಷಾರ ಮಣ್ಣಿಗೆ ಅನ್ನಭೇದಿಯನ್ನು ನೇರವಾಗಿ ಹಾಕಿದಲ್ಲಿ ಅದು ಬೇಗನೆ ಕರಗದ ರೂಪಕ್ಕೆ ತಿರುಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸತತ ಮಳೆಯಿಂದ ನೀರು ನಿಂತು ಹಳದಿಯಾಗಿದ್ದಲ್ಲಿ ಮೊದಲು ನೀರು ಬಸಿದು ಹೋಗುವಂತೆ ಮಾಡುವುದು.
• ಸುಣ್ಣ ಮತ್ತು ಗಂಧಕ: ಎಕರೆಗೆ 200 ಕಿ.ಗ್ರಾಂ ಜಿಪ್ಸಂ ಅನ್ನು ಹೂ ಬಿಡುವ ಸಮಯದಲ್ಲಿ ಸಾಲಿನ ಪಕ್ಕ ಹಾಕಿ ಮಣ್ಣಿನಲ್ಲಿ ಬೆರೆಸುವುದು. ಕಾಯಿ ಮಣ್ಣಿಗೆ ಇಳಿದ ನಂತರ ಎಡೆಕುಂಟೆ ಹೊಡೆಯಬಾರದು.
• ಸತು ಮತ್ತು ಬೋರಾನ್: ಪರೀಕ್ಷೆಯಲ್ಲಿ ಕೊರತೆ ಕಂಡಲ್ಲಿ ಬಿತ್ತನೆಗೆ ಮುನ್ನ ಎಕರೆಗೆ 10 ಕಿ.ಗ್ರಾಂ ಸತುವಿನ ಸಲ್ಫೇಟ್ ಹಾಗೂ 4 ಕಿ.ಗ್ರಾಂ ಬೋರಾಕ್ಸ್.
• ರಸಸಾರ: 8.5ಕ್ಕಿಂತ ಹೆಚ್ಚಿರುವ ಕ್ಷಾರ ಮಣ್ಣಿಗೆ ಜಿಪ್ಸಂ, ಆಮ್ಲ ಮಣ್ಣಿಗೆ ಕೃಷಿ ಸುಣ್ಣ. ಎರಡನ್ನೂ ಪ್ರಯೋಗಾಲಯ ಸೂಚಿಸಿದ ಪ್ರಮಾಣದಲ್ಲಿಯೇ ಹಾಕತಕ್ಕದ್ದು. ಇವು ಒಂದಕ್ಕೊಂದು ಬದಲಿಯಲ್ಲ. ಸುಣ್ಣಯುಕ್ತ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಹಾಗೂ ಹಸಿರೆಲೆ ಗೊಬ್ಬರ ಸೂಕ್ತ.

6. ಮಣ್ಣು ಮತ್ತು ನೀರಿನ ಮಾದರಿ ಸಂಗ್ರಹಣೆ

(1) ಬೆಳೆ ಕಟಾವಿನ ನಂತರ, ಗೊಬ್ಬರ ಹಾಕುವ ಮುನ್ನ ಮಾದರಿ ತೆಗೆಯುವುದು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗಗಳನ್ನು ಬಿಡುವುದು.
(2) ಅಂಕುಡೊಂಕಾಗಿ 8-10 ಕಡೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು ಸ್ವಚ್ಛ ಹಾಳೆಯ ಮೇಲೆ ಬೆರೆಸುವುದು. ತುಕ್ಕು ಹಿಡಿದ ಸಲಕರಣೆ ಹಾಗೂ ಗೊಬ್ಬರದ ಚೀಲ ಬಳಸಬಾರದು.
(3) ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆಯುತ್ತಾ, ಅರ್ಧ ಕಿ.ಗ್ರಾಂ ಉಳಿಸಿ ನೆರಳಿನಲ್ಲಿ ಒಣಗಿಸುವುದು.
(4) ರೈತರ ಹೆಸರು, ಗ್ರಾಮ, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಹಾಗೂ ನೀರಾವರಿ ವಿವರದ ಚೀಟಿ ಇಡುವುದು.
(5) ಕೊಳವೆ ಬಾವಿ ನೀರಿಗಾಗಿ ಮೋಟಾರನ್ನು ಅರ್ಧ ಗಂಟೆ ಓಡಿಸಿ, ಅದೇ ನೀರಿನಲ್ಲಿ ತೊಳೆದ ಸ್ವಚ್ಛ ಬಾಟಲಿಯಲ್ಲಿ ಒಂದು ಲೀಟರ್ ಸಂಗ್ರಹಿಸಿ ಬೇಗನೆ ತಲುಪಿಸುವುದು.

7. ಮಣ್ಣು ಆರೋಗ್ಯ ಚೀಟಿ

2015ರ ಫೆಬ್ರವರಿ 19ರಂದು ಆರಂಭವಾದ ಈ ಯೋಜನೆಯಡಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಹಾಗೂ ಬೋರಾನ್ ಎಂಬ 12 ಅಂಶಗಳ ಫಲಿತಾಂಶ ನೀಡಲಾಗುತ್ತದೆ. ಚೀಟಿಯಲ್ಲಿ ಮೊದಲು ರಸಸಾರದ ಅಂಕಿಯನ್ನು ಓದಿ, ನಂತರ ಉಳಿದವುಗಳನ್ನು ನೋಡುವುದು. ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದಲ್ಲಿ 2009ರಲ್ಲಿ ರಾಜ್ಯದಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿಯೂ ಒಣಭೂಮಿಯಲ್ಲಿ ಗಂಧಕ, ಸತು ಹಾಗೂ ಬೋರಾನ್ ಕೊರತೆ ವ್ಯಾಪಕವಾಗಿರುವುದು ಕಂಡುಬಂದಿತ್ತು.

8. ಸಂಪರ್ಕ

ಮಾದರಿಗಳನ್ನು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಕ್ಕೆ ನೀಡಬಹುದು. ತಾಂತ್ರಿಕ ಸಲಹೆಗಾಗಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು, ದೂರವಾಣಿ ಮೂಲಕ ಕಿಸಾನ್ ಕರೆ ಕೇಂದ್ರದ ಉಚಿತ ಸಂಖ್ಯೆ 1800-180-1551 ಅನ್ನು ಸಂಪರ್ಕಿಸಬಹುದು.

ಸೂಚನೆ: ಸಲಹೆ ಕೇಳಲು ಬರುವಾಗ ಒಂದೆರಡು ಎಲೆಗಳನ್ನಷ್ಟೇ ತರದೆ, ಬಾಧಿತ ಗಿಡ ಹಾಗೂ ಆರೋಗ್ಯವಂತ ಗಿಡ ಎರಡನ್ನೂ ಬೇರು ಸಹಿತ ತರುವಂತೆ ಕೋರಲಾಗಿದೆ.